ಪಿಎಫ್ ಬಿಡಿಸಿ, ಪಿಂಚಣಿ ಬಿಡಬೇಡಿ
2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದು, ಪಿಎಫ್ ಹಣ ತಡೆಹಿಡಿಯುವ ನಿಯಮವನ್ನು ಕೇಂದ್ರ ವಾಪಸ್ ಪಡೆಯುವಂತೆ ಮಾಡಿದರು. ದೊಡ್ಡ ಗೆಲುವು ಅದು. ಆದರೆ ಪಿಎಫ್ ಜೊತೆಗಿರುವ ಪಿಂಚಣಿ ಇವತ್ತಿಗೂ ಎಷ್ಟೋ ಜನರ ಕೈತಪ್ಪುತ್ತಿದೆ.

ಸಂಬಳದ ಮೇಲೆ ಮಾಲೀಕರು ಕಟ್ಟುವ ಶೇ 12ರಲ್ಲಿ ಶೇ 8.33 ಪಿಂಚಣಿಗೆ ಹೋಗುತ್ತದೆ. ಸೇವೆ 10 ವರ್ಷ ತುಂಬದಿದ್ದರೆ 58ನೇ ವಯಸ್ಸಿಗೆ ಪಿಂಚಣಿ ಇಲ್ಲ. ಕೆಲಸ ಬಿಟ್ಟಾಗಲೆಲ್ಲ ಫಾರ್ಮ್ 10ಸಿ (ಪಿಂಚಣಿ ಹಣದ ಅರ್ಜಿ) ಹಾಕಿ ಆ ಹಣವನ್ನೂ ತೆಗೆದರೆ ಸೇವೆಯ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ತುರ್ತಿದ್ದರೆ ಪಿಎಫ್ ಮಾತ್ರ ತೆಗೆಯಿರಿ; ಅದೇ 10ಸಿಯಲ್ಲಿ, ಹಣದ ಬದಲು ಸೇವೆಯ ವರ್ಷಗಳನ್ನು ಉಳಿಸಿಕೊಡುವ ಸ್ಕೀಮ್ ಸರ್ಟಿಫಿಕೇಟ್ ಕೇಳಿ. ಹೊಸ ಕಡೆ ಹಳೆಯ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ನಂಬರನ್ನೇ ಕೊಡಿ.

ಪಿಂಚಣಿ ಎಷ್ಟೆಂದು ತಿಳಿಯಲು ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ: 14,000 ರೂಪಾಯಿಗೆ 15 ವರ್ಷವಾದರೆ ತಿಂಗಳಿಗೆ 3,000. ರಾಜೀನಾಮೆ ಪಡೆಯುವಾಗಲೇ ಮಾಲೀಕರು ಇದನ್ನೆಲ್ಲ ತಿಳಿಸಬೇಕೆಂದು ಕಾನೂನಿನಲ್ಲೇ ಬರೆಯಬೇಕು.