ಟಿನ್ ಫ್ಯಾಕ್ಟರಿಯಲ್ಲಿ ಟಿನ್ ಇಲ್ಲ: ಹಳೇ ಮದ್ರಾಸ್ ರಸ್ತೆಯಲ್ಲಿ ಒಂದು ಭಾನುವಾರ

ಬಸ್ಸಿನ ಬಾಗಿಲಲ್ಲಿ ನೇತಾಡುತ್ತಾ ಕಂಡಕ್ಟರ್ "ಟಿನ್ ಫ್ಯಾಕ್ಟ್ರಿ, ಟಿನ್ ಫ್ಯಾಕ್ಟ್ರಿ" ಅಂತ ಕೂಗುವುದನ್ನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಅಲ್ಲಿ ಒಂದೇ ಒಂದು ಡಬ್ಬಿ ತಯಾರಾಗಿದ್ದನ್ನು ನಾನಂತೂ ನೋಡಿಲ್ಲ. ಅದಕ್ಕೂ ಸ್ವಲ್ಪ ಮೊದಲು ಎನ್‌ಜಿಇಎಫ್ ಅಂತ ಒಂದು ಸ್ಟಾಪ್, ಆ ಕಂಪನಿ ಮುಚ್ಚಿ ಎಷ್ಟೋ ವರ್ಷವಾಯಿತು. ಇನ್ನು ರಸ್ತೆಯ ಹೆಸರೇ ಹಳೇ ಮದ್ರಾಸ್ ರಸ್ತೆ. ಮದ್ರಾಸ್ 1996ರಲ್ಲೇ ಚೆನ್ನೈ ಆಯಿತು, ಅಲ್ಲಿಗೆ ಹೋಗುವವರು ಹೆಚ್ಚಿನವರು ಹೊಸೂರು, ಕೃಷ್ಣಗಿರಿ ಕಡೆಯಿಂದ ಹೋಗುತ್ತಾರೆ. ಇಲ್ಲದಿರುವ ವಸ್ತುಗಳ ಹೆಸರನ್ನೇ ಹಿಡಿದುಕೊಂಡು ಓಡುತ್ತಿರುವ ಈ ರಸ್ತೆಯನ್ನು ಒಂದು ಸಲ ಈ ತುದಿಯಿಂದ ಹೊಸಕೋಟೆವರೆಗೆ ಸುಮ್ನೆ ನೋಡಿಕೊಂಡು ಬರಬೇಕು ಅನ್ನಿಸಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಈ ರಸ್ತೆಯ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು.

"ಹೊಸಕೋಟೆಗಾ? ಬಿರಿಯಾನಿಗೇನೋ?"

"ಇಲ್ಲ ಚಿಕ್ಕಪ್ಪ, ರಸ್ತೆ ನೋಡೋಕೆ."

"ರಸ್ತೆ ನೋಡೋಕೆ ಯಾರಾದ್ರೂ ಹೋಗ್ತಾರೇನೋ!" ಅಂದರು. ಆದರೆ ಭಾನುವಾರ ಹತ್ತು ಗಂಟೆಗೆ ಟಿನ್ ಫ್ಯಾಕ್ಟರಿ ಹತ್ತಿರ ನಿಂತಿರುತ್ತೇನೆ ಅಂತಲೂ ಹೇಳಿದರು.

ನಾನು ಶುರು ಮಾಡಿದ್ದು ಟ್ರಿನಿಟಿ ಸರ್ಕಲ್‌ನಿಂದ. ಎಂ.ಜಿ. ರಸ್ತೆ ಮುಗಿಯುವ ಜಾಗ ಅದು. ಈಸ್ಟ್ ಇಂಡಿಯಾ ಕಂಪನಿಯ ಸೈನಿಕರಿಗಾಗಿ 1850ರ ಸುಮಾರಿಗೆ ಕಟ್ಟಿದ ಬಿಳಿ ಚರ್ಚು ಈಗಲೂ ಹಾಗೇ ಇದೆ, ಅದರ ಹೆಸರೇ ಸರ್ಕಲ್‌ಗೂ ಮೆಟ್ರೋ ನಿಲ್ದಾಣಕ್ಕೂ. ಸದ್ಯ, ಇದೊಂದು ಹೆಸರಿನ ಹಿಂದೆ ವಸ್ತುವೂ ಉಳಿದಿದೆ. ಇಲ್ಲಿಂದ ರಸ್ತೆ ಹಲಸೂರಿನ ಕಡೆಗೆ ಇಳಿಯುತ್ತದೆ. ಇಳಿಜಾರು ಬಸ್ಸಲ್ಲಿ ಕೂತರೆ ಗೊತ್ತಾಗುವುದಿಲ್ಲ, ನಡೆದರೆ ಗೊತ್ತಾಗುತ್ತದೆ.

ಹಲಸಿನ ತೋಪಿದ್ದ ಊರಾದ್ದರಿಂದ ಹಲಸೂರು ಅಂತ ಹೇಳುತ್ತಾರೆ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಪಡೆ ಅಲ್ಲಿ ಜ್ವರದ ಕಾಟ ತಡೆಯಲಾರದೆ 1809ರ ಹೊತ್ತಿಗೆ ಇಲ್ಲಿಗೆ ಬಂದು ನೆಲೆಯೂರಿತು. ದಂಡು ಅಂತ ಕರೆಯುವುದು ಅದನ್ನೇ. ದಂಡಿಗೆ ಬೇಕಾದ ಸಾಮಾನು, ಆಳು, ವ್ಯಾಪಾರ ಎಲ್ಲಾ ಮದ್ರಾಸ್ ಕಡೆಯಿಂದ ಬರಬೇಕು. ಹಾಗಾಗಿ ಈ ದಾರಿಗೆ ಬೆಲೆ ಬಂತು, ಹಲಸೂರಿನ ಬಜಾರು ಬೆಳೆಯಿತು, ತಮಿಳು ಇಲ್ಲಿನ ಗಲ್ಲಿಗಳಲ್ಲಿ ಬೇರು ಬಿಟ್ಟಿತು. ಈಗಲೂ ಬಜಾರ್ ಬೀದಿಯಲ್ಲಿ ಹೂವು ಕಟ್ಟುವವರು ಒಂದೇ ಉಸಿರಿನಲ್ಲಿ ಎರಡು ಭಾಷೆ ಮಾತಾಡುತ್ತಾರೆ. ನಾನು ಅರ್ಧ ಮೊಳ ಮಲ್ಲಿಗೆ ಕೇಳಿದ್ದು ಕನ್ನಡದಲ್ಲಿ, ರೇಟು ಹೇಳಿದ್ದು ತಮಿಳಿನಲ್ಲಿ, ಚಿಲ್ಲರೆ ಇಲ್ಲ ಅಂತ ಬೈದಿದ್ದು ಮತ್ತೆ ಕನ್ನಡದಲ್ಲಿ.

ದಂಡು ಬರುವುದಕ್ಕೂ ಎಷ್ಟೋ ಹಿಂದಿನದು ಸೋಮೇಶ್ವರ ದೇವಸ್ಥಾನ. ಬುನಾದಿ ಚೋಳರ ಕಾಲದ್ದು, ಆಮೇಲೆ ಯಲಹಂಕ ನಾಡಪ್ರಭುಗಳು ದೊಡ್ಡದು ಮಾಡಿಸಿದರು ಅಂತಾರೆ. ಗೋಡೆಯ ಮೇಲೆ ರಾವಣ ಕೈಲಾಸವನ್ನೇ ಎತ್ತುತ್ತಿರುವ ಶಿಲ್ಪ ಇದೆ, ಹೋದವರು ಹುಡುಕಿ ನೋಡಿ. ನಾನು ಅಲ್ಲೇ ಅರ್ಧ ಗಂಟೆ ಕಳೆದುಬಿಟ್ಟೆ. ಚಿಕ್ಕಪ್ಪನ ಎರಡು ಮಿಸ್ಡ್ ಕಾಲ್ ಬಂದಿದ್ದವು.

ಓಡಿ ಹೋಗಿ ಬಸ್ ಹತ್ತಿದೆ. ಮೆಟ್ರೋ ಹಲಸೂರಾದ ಮೇಲೆ ಸಿಎಂಎಚ್ ರಸ್ತೆ ಕಡೆ ಹೊರಳಿ, ಇಂದಿರಾನಗರ ನೋಡಿಕೊಂಡು ಮತ್ತೆ ಈ ರಸ್ತೆಗೇ ಬಂದು ಸೇರುತ್ತದೆ. ನಮ್ಮ ಮೆಟ್ರೋ ಮೊದಲು ಓಡಿದ್ದೇ ಈ ಭಾಗದಲ್ಲಿ, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ, 2011ರ ಅಕ್ಟೋಬರ್ 20ರಂದು. ಬಸ್ಸು ಮಾತ್ರ ನೇರ ಹೋಗುತ್ತದೆ. ದಾರಿಯಲ್ಲಿ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ಸಿಗುತ್ತದೆ. ಅಂಥ ಆಸ್ಪತ್ರೆಯನ್ನು ಜನವಸತಿಯಿಂದ ದೂರ ಕಟ್ಟುತ್ತಿದ್ದ ಕಾಲ ಒಂದಿತ್ತು. ಇವತ್ತು ಅದರ ಪಕ್ಕದಲ್ಲೇ ಮೆಟ್ರೋ ನಿಲ್ದಾಣ, ಸುತ್ತ ಕೋಟಿ ಬೆಲೆಯ ಮನೆಗಳು.

ಎನ್‌ಜಿಇಎಫ್ ಬಂದಾಗ ಬಸ್ಸು ಸಿಗ್ನಲ್‌ನಲ್ಲಿ ನಿಂತಿತು. ಕಾಂಪೌಂಡ್ ಗೋಡೆಯಾಚೆ ಮರಗಳು ಎಷ್ಟು ಬೆಳೆದಿವೆ ಅಂದರೆ ಕಾಡಿನ ಅಂಚಿನಲ್ಲಿ ನಿಂತ ಹಾಗೆ. ನ್ಯೂ ಗವರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ ಅನ್ನುವುದೇ ಎನ್‌ಜಿಇಎಫ್. ಜರ್ಮನಿಯ ಎಇಜಿ ಕಂಪನಿ ಜೊತೆ ಸೇರಿ ರಾಜ್ಯ ಸರ್ಕಾರ ನಡೆಸಿದ ಕಾರ್ಖಾನೆ ಇದು, ಮೋಟರು, ಟ್ರಾನ್ಸ್‌ಫಾರ್ಮರು ಮಾಡುತ್ತಿತ್ತು. ಹಳ್ಳಿಗಳ ಪಂಪ್‌ಸೆಟ್ಟಿನ ಮೇಲೆ ಈ ನಾಲ್ಕು ಅಕ್ಷರ ನೋಡಿದವರು ಈಗಲೂ ಇದ್ದಾರೆ. 2002ರಲ್ಲಿ ಬಾಗಿಲು ಹಾಕಿತು. ಆಮೇಲೆ ಖಾಲಿ ಶೆಡ್ಡುಗಳಲ್ಲಿ ಸಿನಿಮಾ ಶೂಟಿಂಗ್ ಜಾಸ್ತಿ ನಡೆಯಿತು. ಹೀರೋ ಹತ್ತು ಜನರನ್ನು ಹಾರಿಸಿ ಹೊಡೆಯುವ ತುಕ್ಕು ಹಿಡಿದ ಗೋಡೌನು ಎಷ್ಟು ಸಿನಿಮಾದಲ್ಲಿ ನೋಡಿಲ್ಲ ನಾವು, ಅಲ್ವಾ?

ಟಿನ್ ಫ್ಯಾಕ್ಟರಿಯಲ್ಲಿ ಇಳಿದರೆ ಚಿಕ್ಕಪ್ಪ ಸ್ಕೈವಾಕ್ ಕೆಳಗೆ ಕೊಡೆ ಹಿಡಿದು ನಿಂತಿದ್ದರು. ಮಳೆ ಇರಲಿಲ್ಲ, ಬಿಸಿಲಿಗೆ. ಹೆಬ್ಬಾಳದ ಕಡೆಯಿಂದ ಬರುವ ಹೊರವರ್ತುಲ ರಸ್ತೆ ಇಲ್ಲಿ ಬಂದು ಬೀಳುತ್ತದೆ, ಸ್ವಲ್ಪ ದೂರ ಎರಡೂ ರಸ್ತೆ ಒಂದೇ ಆಗಿ ಹೋಗಿ ಆಮೇಲೆ ಬೇರೆಯಾಗುತ್ತವೆ. ಬೆಂಗಳೂರಿನ ಅರ್ಧ ಟ್ರಾಫಿಕ್ ಇಲ್ಲೇ ಇದೆ ಅನ್ನಿಸುತ್ತದೆ. ಅದರ ನಡುವೆಯೇ ಕೋಲಾರ, ಮುಳಬಾಗಿಲು, ಚಿತ್ತೂರು, ತಿರುಪತಿ ಅಂತ ಕೂಗುವ ಬಸ್ಸುಗಳು, ಅನಾನಸ್ ಹೋಳುಗಳಿಗೆ ಉಪ್ಪುಕಾರ ಹಾಕಿ ಕೊಡುವವರು. "ಡಬ್ಬಿ ಮಾಡೋ ಫ್ಯಾಕ್ಟರಿ ಎಲ್ಲಿತ್ತು ಚಿಕ್ಕಪ್ಪ?" ಅಂದೆ. ಅವರು ಕೊಡೆಯ ತುದಿಯಿಂದ ಒಂದು ಕಡೆ ತೋರಿಸಿದರು, ಆಮೇಲೆ ಇನ್ನೊಂದು ಕಡೆ ತೋರಿಸಿದರು, ಆಮೇಲೆ "ಇಲ್ಲೇ ಎಲ್ಲೋ ಇತ್ತು ಬಿಡೋ" ಅಂದುಬಿಟ್ಟರು.

ಮುಂದೆ ಕೆ.ಆರ್. ಪುರದ ಸೇತುವೆ. ಎಲ್ಲರೂ ತೂಗುಸೇತುವೆ, ಹ್ಯಾಂಗಿಂಗ್ ಬ್ರಿಡ್ಜ್ ಅಂತಲೇ ಕರೆಯುವುದು. ನಿಜಕ್ಕೂ ಅದು ತೂಗುವುದೂ ಇಲ್ಲ, ಆಡುವುದೂ ಇಲ್ಲ. ಕಂಬದಿಂದ ಓರೆಯಾಗಿ ಎಳೆದ ಕೇಬಲ್‌ಗಳು ಸೇತುವೆಯನ್ನು ಹಿಡಿದಿವೆ, ಕೆಳಗೆ ರೈಲು. ಮುಗಿದದ್ದು 2003ರಲ್ಲಿ. ಅದಕ್ಕೂ ಮುಂಚೆ ಇಲ್ಲಿ ರೈಲ್ವೆ ಗೇಟ್. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಶುರುವಾಗಿದ್ದು 1864ರಲ್ಲಿ, ಅವತ್ತೇ ಈ ರಸ್ತೆಯ ಎತ್ತಿನಗಾಡಿಗಳ ಕೆಲಸ ಅರ್ಧ ಹೋಗಿರಬೇಕು. ಅದು ಸಾಲದು ಅಂತ ಗೇಟ್ ಹಾಕಿ ಕಾಯಿಸಿದ್ದು ಬೇರೆ.

"ಗೇಟ್ ಬಿತ್ತು ಅಂದ್ರೆ ಮುಗೀತು. ಬಸ್ಸಿಂದ ಇಳಿದು, ಟೀ ಕುಡಿದು, ಪೇಪರ್ ಓದಿ ಮುಗಿಸಿದ್ರೂ ರೈಲು ಬಂದಿರ್ತಿರಲಿಲ್ಲ. ಎಷ್ಟೋ ಜನ ಗೇಟ್ ಕೆಳಗೆ ನುಗ್ಗಿ ಆ ಕಡೆಗೆ ಹೋಗಿ ಬೇರೆ ಬಸ್ ಹತ್ತೋರು. ಲೇಟಾದ್ರೆ ಅರ್ಧ ದಿನ ಸಂಬಳ ಕಟ್" ಅಂದರು ಚಿಕ್ಕಪ್ಪ. ಹೇಳುವಾಗ ಅವರ ಮುಖದಲ್ಲಿ ಬೇಜಾರೇನೂ ಇರಲಿಲ್ಲ, ಖುಷಿಯೇ ಇತ್ತು.

ಸೇತುವೆ ದಾಟಿದರೆ ದೂರವಾಣಿನಗರ. ಟೆಲಿಫೋನ್ ಹೆಸರಿಟ್ಟುಕೊಂಡ ಊರು ಇನ್ನೆಲ್ಲಾದರೂ ಇದೆಯಾ, ನನಗಂತೂ ಗೊತ್ತಿಲ್ಲ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಇಲ್ಲಿ ಶುರುವಾಗಿದ್ದು 1948ರಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷ. ಕಾರ್ಖಾನೆ, ಕ್ವಾರ್ಟರ್ಸು, ಶಾಲೆ, ಮೈದಾನ, ಸಾಲುಮರ, ಎಲ್ಲಾ ಸೇರಿ ಒಂದು ಊರೇ. ಚಿಕ್ಕಪ್ಪ ಗೇಟಿನ ಎದುರು ನಿಂತು ಯಾವ ಮರದ ಕೆಳಗೆ ಶಿಫ್ಟ್ ಬಸ್ ನಿಲ್ಲುತ್ತಿತ್ತು ಅಂತ ತೋರಿಸಿದರು. ಸೈರನ್ ಹೊಡೆದರೆ ಕೆ.ಆರ್. ಪುರದ ಅಂಗಡಿಯವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರಂತೆ. ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು, ಆದರೂ ತಲೆ ಆಡಿಸಿದೆ.

ಅವರ ಕೆಲಸ ಡಯಲ್ ವಿಭಾಗದಲ್ಲಿ. ಕಪ್ಪು ಫೋನಿನ ಬೆರಳು ಹಾಕಿ ತಿರುಗಿಸುವ ಡಯಲ್ ನೆನಪಿದೆಯಲ್ಲ, ಬಿಟ್ಟಾಗ ಕಿರ್ರ್ ಅಂತ ವಾಪಸ್ ಬರುತ್ತಿತ್ತು. ನಂಬರ್ ಹೋಗುತ್ತಿದ್ದುದು ಆ ವಾಪಸ್ ಬರುವಾಗ. ಒಂದಕ್ಕೆ ಒಂದು ಸಲ ಕರೆಂಟ್ ಕಡಿಯಬೇಕು, ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ. ಅದಕ್ಕೇ ಸೊನ್ನೆ ತಿರುಗಿಸಿದರೆ ಅಷ್ಟು ಹೊತ್ತು. ಸೆಕೆಂಡಿಗೆ ಹತ್ತರ ಲೆಕ್ಕದಲ್ಲಿ ಕಡಿಯಬೇಕು. ವೇಗ ತಪ್ಪಿದರೆ ಎಕ್ಸ್‌ಚೇಂಜ್‌ಗೆ ಲೆಕ್ಕ ತಪ್ಪಿ ರಾಂಗ್ ನಂಬರ್. ಒಳಗೆ ಒಂದು ಪುಟ್ಟ ಗವರ್ನರ್ ಇರುತ್ತಿತ್ತು, ಸ್ಪ್ರಿಂಗ್ ಎಷ್ಟೇ ಜೋರಾಗಿ ಎಳೆದರೂ ಒಂದೇ ಹದದಲ್ಲಿ ತಿರುಗುವ ಹಾಗೆ ತಡೆಹಿಡಿಯುತ್ತಿತ್ತು.

"ಮೀಟರ್ ಇತ್ತು ನೋಡೋಕೆ. ಆದ್ರೆ ನನಗೆ ಬೇಕಿರಲಿಲ್ಲ" ಅಂತ ಚಿಕ್ಕಪ್ಪ ಕಿವಿ ಮುಟ್ಟಿ ತೋರಿಸಿದರು. ರಸ್ತೆ ಬದಿಯಲ್ಲೇ ಗಾಳಿಯಲ್ಲಿ ಬೆರಳು ತಿರುಗಿಸಿ, ಬಾಯಲ್ಲಿ ಕಿರ್ರ್ ಅಂದರು. ಪಕ್ಕದಲ್ಲಿ ಆಟೋ ನಿಲ್ಲಿಸಿಕೊಂಡಿದ್ದವನು ನಮ್ಮಿಬ್ಬರನ್ನೂ ಒಮ್ಮೆ ನೋಡಿದ.

ನಮ್ಮ ಮನೆಯ ಫೋನಿಗೆ ಅಪ್ಪ ಸಣ್ಣ ಬೀಗ ಹಾಕುತ್ತಿದ್ದರು, ಡಯಲಿನ ತೂತಿಗೆ, ನಾವು ಎಸ್‌ಟಿಡಿ ಮಾಡಬಾರದು ಅಂತ. ಬೀಗ ಇದ್ದರೂ ರಿಸೀವರ್ ಇಡುವ ಕೊಕ್ಕೆಯನ್ನು ಟಕ ಟಕ ತಟ್ಟಿ ಫೋನ್ ಮಾಡುವುದನ್ನು ನನಗೆ ಹೇಳಿಕೊಟ್ಟವರು ಇದೇ ಚಿಕ್ಕಪ್ಪ. ಕೊಕ್ಕೆ ತಟ್ಟಿದಾಗಲೂ ಕಡಿಯುತ್ತಿದ್ದುದು ಅದೇ ಕರೆಂಟ್ ಅಂತ ಅರ್ಥವಾಗಿದ್ದು ಮಾತ್ರ ಅವತ್ತು, ಆ ಗೇಟಿನ ಮುಂದೆ.

ಅಲ್ಲಿಂದ ಹೊಸಕೋಟೆ ಬಸ್. ಕೆ.ಆರ್. ಪುರದ ಮಾರ್ಕೆಟ್ ಹತ್ತಿರ ಸೊಪ್ಪಿನ ಕಟ್ಟುಗಳು ರಸ್ತೆಯವರೆಗೂ ಬಂದಿದ್ದವು. ಆಮೇಲೆ ಭಟ್ಟರಹಳ್ಳಿ, ಮೇಡಹಳ್ಳಿ, ಆವಲಹಳ್ಳಿ, ಬೂದಿಗೆರೆ ಕ್ರಾಸ್. ಹೇಳಿಕೊಳ್ಳುವಂಥದ್ದೇನಿಲ್ಲ, ಅಪಾರ್ಟ್‌ಮೆಂಟು, ಟೈಲ್ಸ್ ಅಂಗಡಿ, ಕಾಲೇಜು, ಮತ್ತೆ ಅಪಾರ್ಟ್‌ಮೆಂಟು. ನಾಲ್ಕನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಆಗಿತ್ತು ಇದು, ಈಗ ಬೋರ್ಡಿನಲ್ಲಿ 75 ಅಂತ ಇದೆ. ಚಿಕ್ಕಪ್ಪನ ಬಾಯಲ್ಲಿ ಇನ್ನೂ ಎನ್‌ಎಚ್ ನಾಲ್ಕೇ.

ಹೊತ್ತು ಹೋಗಲಿ ಅಂತ ಅವರಿಗೆ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕಥೆ ಹೇಳಿದೆ. 1791ರಲ್ಲಿ ಟಿಪ್ಪು ಮೇಲೆ ಯುದ್ಧಕ್ಕೆ ಬಂದವನು ಮೊಗಿಲಿ ಘಾಟ್ ಹತ್ತಿ, ಮುಳಬಾಗಿಲು, ಕೋಲಾರ, ಹೊಸಕೋಟೆ ಹಿಡಿದು, ಹೆಚ್ಚು ಕಡಿಮೆ ಇದೇ ದಿಕ್ಕಿನಿಂದ ಮಾರ್ಚ್ 5ಕ್ಕೆ ಬೆಂಗಳೂರು ಮುಟ್ಟಿದ. ಎರಡು ದಿನಕ್ಕೆ ಪೇಟೆ ಬಿತ್ತು, 21ರ ರಾತ್ರಿ ಕೋಟೆಯೂ ಬಿತ್ತು. ಚಿಕ್ಕಪ್ಪ ಕಿಟಕಿಯಾಚೆ ನಿಂತಿದ್ದ ಲಾರಿ ಸಾಲು ನೋಡುತ್ತಾ, "ಇವತ್ತು ಬಂದಿದ್ರೆ ಟಿಪ್ಪುಗೆ ಇನ್ನೊಂದು ವಾರ ಟೈಮ್ ಸಿಗ್ತಿತ್ತು" ಅಂದರು.

ಹೊಸಕೋಟೆ ಟ್ರಿನಿಟಿಯಿಂದ ಸುಮಾರು 25 ಕಿಲೋಮೀಟರ್. ಸುಗಟೂರಿನ ತಮ್ಮೇಗೌಡ 1595ರ ಸುಮಾರಿಗೆ ಇಲ್ಲಿ ಹೊಸದಾಗಿ ಕೋಟೆ ಕಟ್ಟಿಸಿದ, ಅದಕ್ಕೆ ಈ ಹೆಸರು. ನಾವು ಸುತ್ತಿದ ಕಡೆ ಕೋಟೆ ಎಲ್ಲೂ ಕಣ್ಣಿಗೆ ಬೀಳಲಿಲ್ಲ. ಅವಿಮುಕ್ತೇಶ್ವರ ದೇವಸ್ಥಾನದ ಬಾಗಿಲು ಅಷ್ಟು ಹೊತ್ತಿಗೆ ಹಾಕಿತ್ತು. ಕೆರೆ ಏರಿ ಮೇಲೆ ಸ್ವಲ್ಪ ದೂರ ನಡೆದೆವು. ದೊಡ್ಡ ಕೆರೆ, ಗಾಳಿ ಚೆನ್ನಾಗಿತ್ತು, ಚಿಕ್ಕಪ್ಪ ಮೊದಲ ಸಲ ಕೊಡೆ ಮಡಚಿದರು.

ಬಿರಿಯಾನಿ ಸಿಗಲಿಲ್ಲ. ಸೌದೆ ಒಲೆಯಲ್ಲಿ ದಮ್ ಕಟ್ಟುವ ಆ ಮಟನ್ ಬಿರಿಯಾನಿಗೆ ಬೆಂಗಳೂರಿನ ಹುಡುಗರು ಭಾನುವಾರ ಬೆಳಗಿನ ಜಾವ ನಾಲ್ಕಕ್ಕೇ ಬಂದು ಕ್ಯೂ ನಿಲ್ಲುತ್ತಾರೆ. ನಾವು ಹೋದಾಗ ಮಧ್ಯಾಹ್ನ ಒಂದೂವರೆ, ಒಂದು ಕಡೆ ಪಾತ್ರೆ ಉಜ್ಜುತ್ತಿದ್ದರು. ಇನ್ನೊಂದು ಹೋಟೆಲಲ್ಲಿ ಇದೆ ಅಂತ ಕೂರಿಸಿ, ಇಪ್ಪತ್ತು ನಿಮಿಷ ಕಾಯಿಸಿ, ತಣ್ಣಗಿನ ಕುಷ್ಕಾ ತಂದಿಟ್ಟರು. "ರಸ್ತೆ ನೋಡ್ತೀನಿ ಅಂದೆಯಲ್ಲ, ತಿನ್ನು ಈಗ" ಅಂತ ಚಿಕ್ಕಪ್ಪ ಈರುಳ್ಳಿ ನನ್ನ ಕಡೆ ತಳ್ಳಿದರು.

ವಾಪಸ್ ಹೊರಡುವ ಮುಂಚೆ ಒಂದು ಆಟೋ ಹಿಡಿದು ಊರಾಚೆ ಹೊಸ ಎಕ್ಸ್‌ಪ್ರೆಸ್‌ವೇ ಶುರುವಾಗುವ ಕಡೆ ಹೋದೆವು. ಹೊಸಕೋಟೆಯಿಂದ ಶ್ರೀಪೆರಂಬದೂರಿಗೆ ಸುಮಾರು 260 ಕಿಲೋಮೀಟರ್. ಕರ್ನಾಟಕದ ಭಾಗ, ಬೇತಮಂಗಲದ ತನಕದ ಎಪ್ಪತ್ತು ಚಿಲ್ಲರೆ ಕಿಲೋಮೀಟರ್, 2024ರ ಡಿಸೆಂಬರ್‌ನಲ್ಲೇ ವಾಹನಗಳಿಗೆ ತೆರೆಯಿತು. ಹಳೇ ಮದ್ರಾಸ್ ರಸ್ತೆಯ ತುದಿಯಲ್ಲೇ ಹೊಸ ಮದ್ರಾಸ್ ರಸ್ತೆ. ಹಸಿರು ಬೋರ್ಡು, ಅಗಲದ ರಸ್ತೆ, ಒಂದೂ ಟೀ ಅಂಗಡಿ ಇಲ್ಲ, ಒಂದು ಸ್ಟಾಪೂ ಇಲ್ಲ, ಹಾಗಾಗಿ ಹೆಸರಿಡುವ ಕೆಲಸವೂ ಇಲ್ಲ.

"ಇದ್ರಲ್ಲಿ ಸ್ಕೂಟರ್ ಬಿಡ್ತಾರಾ?" ಅಂದರು ಚಿಕ್ಕಪ್ಪ.

"ಇಲ್ಲ ಚಿಕ್ಕಪ್ಪ, ಎರಡು ಚಕ್ರದ ಗಾಡಿ, ಆಟೋ ಏನೂ ಬಿಡಲ್ಲ."

ಅವರು ಇನ್ನೇನೂ ಕೇಳಲಿಲ್ಲ. ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು, ಕಂಡಕ್ಟರ್ ಹತ್ತಿರ ಬರುತ್ತಿದ್ದ ಹಾಗೇ ಸರಿಯಾಗಿ ಚಿಲ್ಲರೆ ಎಣಿಸಿ ಕೊಟ್ಟು, "ಟಿನ್ ಫ್ಯಾಕ್ಟ್ರಿ, ಎರಡು" ಅಂದರು. ಆವಲಹಳ್ಳಿ ಬರುವಷ್ಟರಲ್ಲಿ ನಿದ್ದೆ ಹೋಗಿದ್ದರು.