ಕುಮಟೆಗೆ ಹೋಗಿ ಬರೋದಕ್ಕೆ ಟೂಲ್ಸ್ ಎಂತಕ್ಕೆ?

ಮನೆಯಿಂದ ಹೊರಡುವಾಗ ಟೂಲ್ ಪೌಚ್ ಕಪಾಟಿನ ಮೇಲೇ ಇತ್ತು. ಕಣ್ಣಿಗೂ ಬಿತ್ತು. “ಕುಮಟೆ, ಗೋಕರ್ಣ, ಕಾರವಾರ ಅಲ್ವಾ, ಇದಕ್ಕೆಲ್ಲ ಎಂತಕ್ಕೆ?” ಅಂತ ಬಿಟ್ಟು ಬಂದೆ. ಲಡಾಖ್‌ಗೆ ಹೋಗುವವರು ಹದಿನೈದು ದಿನ ಮೊದಲೇ ಗಾಡಿ ಬಿಚ್ಚಿ ಜೋಡಿಸುತ್ತಾರೆ. ನಾವು ಊರ ಹತ್ತಿರದ ರೈಡ್‌ಗೆ ಟೈರಿನ ಗಾಳಿಯನ್ನೂ ನೋಡುವುದಿಲ್ಲ. ನನ್ನ ಗಾಡಿ ಇವತ್ತಿನವರೆಗೆ ಕೈಕೊಟ್ಟಿದ್ದೆಲ್ಲ ಸಿರ್ಸಿಯಿಂದ ನೂರು ಕಿಲೋಮೀಟರ್ ಒಳಗೇ. ದೂರದ ಊರಲ್ಲಿ ಒಮ್ಮೆಯೂ ಅಲ್ಲ.

ನವೆಂಬರ್ ಕೊನೆಯ ಒಂದು ಶನಿವಾರ ಮೂರು ಗಾಡಿಯಲ್ಲಿ ಮೂವರು ಹೊರಟೆವು. ನನ್ನದು ಹಳೇ 150 ಸಿಸಿ ಬೈಕು. ಭಾವನದ್ದು 110 ಸಿಸಿ ಸ್ಕೂಟರ್, ಹಿಂದೆ ಮುಂದೆ ಎರಡೂ ಡ್ರಮ್ ಬ್ರೇಕ್. ಇನ್ನೊಬ್ಬ ಗೆಳೆಯನದ್ದು ಹೊಸ 350. ಸಿರ್ಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆ, ಅಲ್ಲಿಂದ ಅಘನಾಶಿನಿಯಲ್ಲಿ ಬಾರ್ಜ್ (ಗಾಡಿ, ಜನ ದಾಟಿಸುವ ಚಪ್ಪಟೆ ದೋಣಿ) ಹತ್ತಿ ತದಡಿ, ಗೋಕರ್ಣ, ಅಂಕೋಲಾ, ರಾತ್ರಿ ಕಾರವಾರ. ಮರುದಿನ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ವಾಪಸ್. ಎರಡು ದಿನ ಸೇರಿ ಸುಮಾರು 300 ಕಿಲೋಮೀಟರ್. ಇದೇ ಸುತ್ತು ಹಾಕುವ ಯೋಚನೆ ಇದ್ದವರಿಗೆ ನಮ್ಮ ಅವಾಂತರ ಉಪಯೋಗಕ್ಕೆ ಬಂದೀತು.

ಮೊದಲು ಬಟ್ಟೆ ವಿಷಯ. ಸಿರ್ಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬೆಳಿಗ್ಗೆ ಆರೂವರೆಗೆ ಮಂಜು, ಬೆರಳು ಮರಗಟ್ಟುವ ಚಳಿ. ಅದೇ ಜಾಕೆಟ್ ಕುಮಟೆಯಲ್ಲಿ ಒಂಬತ್ತು ಗಂಟೆಗೆ ಬೆಂಕಿ. ಬಿಚ್ಚಿ ಕಟ್ಟಲು ಒಂದು ಬಂಜಿ ಹಗ್ಗ ಇರಲಿ. ಪೆಟ್ರೋಲ್ ಸಿರ್ಸಿಯಲ್ಲೇ ಫುಲ್ ಮಾಡಿಸಿ, ಘಟ್ಟ ಇಳಿಯುವವರೆಗೆ ಅದರ ಚಿಂತೆ ಬೇಡ.

ಸಿರ್ಸಿ–ಕುಮಟೆ ಸುಮಾರು 60 ಕಿಲೋಮೀಟರ್. ಅಗಲೀಕರಣದ ಕೆಲಸ ವರ್ಷಗಟ್ಟಲೆ ನಡೆದ ರಸ್ತೆ. ಮಳೆಗಾಲದಲ್ಲಿ ಧರೆ ಕುಸಿದು ಬಂದ್ ಆಗಿದ್ದೂ ಇದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗುವವರು ಹಿಂದಿನ ದಿನ ಆ ಕಡೆ ಬಸ್ಸಿನಲ್ಲಿ ಓಡಾಡುವ ಯಾರನ್ನಾದರೂ ಕೇಳಿ. ಮ್ಯಾಪ್‌ನಲ್ಲಿ ನೀಲಿ ಗೆರೆ ಕಂಡಿತು ಅಂತ ಹೊರಡಬೇಡಿ. ಸಿದ್ದಾಪುರದ ಕಡೆಯವರಾದರೆ ದೊಡ್ಮನೆ ಘಟ್ಟದ ಮೇಲೂ ಕುಮಟೆಗೆ ಇಳಿಯಬಹುದು. ಅದು ಸಣ್ಣ ರಸ್ತೆ, ತಿರುವು ಜಾಸ್ತಿ, ನೋಡಲು ಚಂದ.

ರಾಗಿಹೊಸಳ್ಳಿ ದಾಟಿ ಘಟ್ಟದ ತಲೆಯಲ್ಲಿ ದೇವಿಮನೆ ಗುಡಿಗೆ ಕೈಮುಗಿದೆವು. ಇಳಿಯಲು ಶುರು. ನಾನು ಎರಡು, ಮೂರನೇ ಗೇರ್‌ನಲ್ಲಿ ಇಳಿಯುತ್ತಿದ್ದೆ. ಭಾವ ಮುಂದೆ. ಅವನ ಹಿಂದಿನ ಕೆಂಪು ದೀಪ ಹತ್ತಿದ್ದು ಆರಲೇ ಇಲ್ಲ. ಅಂದರೆ ಘಟ್ಟದುದ್ದಕ್ಕೂ ಬ್ರೇಕ್ ಹಿಡಿದೇ ಹೋಗುತ್ತಿದ್ದಾನೆ. ಹಾರ್ನ್ ಹೊಡೆದೆ, ಸೈಡ್ ಕೇಳುತ್ತಿದ್ದಾನೆ ಅಂದುಕೊಂಡು ಕೈ ಬೀಸಿದ. ಆಮೇಲೆ ಮೂಗಿಗೆ ವಾಸನೆ ಬಡಿಯಿತು. ಸುಟ್ಟ ರಬ್ಬರಿನದ್ದಲ್ಲ, ಒಲೆ ಮೇಲೆ ಮರೆತ ಕಬ್ಬಿಣದ ಕಾವಲಿಯದ್ದು. ಒಂದು ಎಡ ತಿರುವಿನಲ್ಲಿ ಅವನು ಎರಡೂ ಕಾಲು ಕೆಳಗೆ ಬಿಟ್ಟು, ಚಪ್ಪಲಿ ಉಜ್ಜಿಕೊಂಡು, ಮಣ್ಣಿನ ದಿಬ್ಬಕ್ಕೆ ಗಾಡಿ ತಾಗಿಸಿ ನಿಲ್ಲಿಸಿದ.

“ಎಂತ ಆತೋ?”

“ಬ್ರೇಕ್ ಹಿಡೀತಾ ಇಲ್ಲೆ ಮಾರಾಯಾ.”

ಲಿವರ್ ಹಿಡಿದು ನೋಡಿದೆ. ಹ್ಯಾಂಡಲ್‌ಗೆ ತಾಗುವವರೆಗೂ ಬಂತು. ಹಿಂದಿನ ಡ್ರಮ್ ಹತ್ತಿರ ಕೈ ಒಯ್ದರೆ ಬಿಸಿ ಮುಖಕ್ಕೇ ಹೊಡೆಯುತ್ತಿತ್ತು. ಗೆಳೆಯ ಬಾಟಲಿ ತೆಗೆದು ನೀರು ಸುರಿಯಲು ಹೋದ, ತಡೆದೆ. ಕಾದ ಡ್ರಮ್‌ಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಸೊಟ್ಟಾಗಬಹುದು. ಸುಮ್ನೆ ಅರ್ಧ ಗಂಟೆ ಕೂತೆವು. ತಂತಾನೇ ತಣಿದು ಬ್ರೇಕ್ ವಾಪಸ್ ಬಂತು.

ಗೇರ್ ಗಾಡಿಯವರಿಗೆ ಹಿರಿಯರು ಹೇಳಿದ ಮಾತೇ ಸಾಕು: ಯಾವ ಗೇರ್‌ನಲ್ಲಿ ಹತ್ತುತ್ತೀರೋ ಅದರಲ್ಲೇ ಇಳಿಯಿರಿ. ಸ್ಕೂಟರಿನವರಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ವೇಗ ಇಳಿದರೆ ಒಳಗಿನ ಕ್ಲಚ್ ಬಿಟ್ಟುಕೊಳ್ಳುತ್ತದೆ. ಆಗ ಇಂಜಿನ್ ಹಿಡಿತವೇ ಇರುವುದಿಲ್ಲ, ಸೈಕಲ್ ಉರುಳಿದ ಹಾಗೆ ಉರುಳುತ್ತದೆ. ಒಂಚೂರೇ ಚೂರು ಆಕ್ಸಿಲರೇಟರ್ ಕೊಟ್ಟರೆ ಕ್ಲಚ್ ಹಿಡಿದುಕೊಳ್ಳುತ್ತದೆ, ಆಮೇಲೆ ಬಿಟ್ಟರೆ ಇಂಜಿನ್ ಸ್ವಲ್ಪವಾದರೂ ತಡೆಯುತ್ತದೆ. ಬ್ರೇಕನ್ನು ಒತ್ತಿ ಬಿಡಿ, ಒತ್ತಿ ಬಿಡಿ. ಸವರಿಕೊಂಡೇ ಇಳಿಯಬೇಡಿ. ಪೆಟ್ರೋಲ್ ಉಳಿಸಲು ಇಂಜಿನ್ ಬಂದ್ ಮಾಡಿ ಇಳಿಯುವವರಿಗೆ ನಾನು ಏನೂ ಹೇಳುವುದಿಲ್ಲ, ಅವರು ಕೇಳುವ ಜಾತಿಯವರಲ್ಲ.

ಯಾಣಕ್ಕೂ ಹೋಗಬೇಕು ಅಂತಿತ್ತು. ಈ ಅರ್ಧ ಗಂಟೆ ಅದನ್ನು ನುಂಗಿತು. “ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ” ಅಂತ ನಮ್ಮ ಕಡೆ ಗಾದೆ. ಸೊಕ್ಕು ದೇವಿಮನೆಯಲ್ಲೇ ಇಳಿದಿತ್ತು, ಹಾಗಾಗಿ ಸೀದಾ ಕುಮಟೆ. ಬನ್ಸ್ ತಿಂದು, ಚಾ ಕುಡಿದು, ಬಾಡ, ಕಾಗಾಲದ ಮೇಲೆ ಅಘನಾಶಿನಿಗೆ ಹೋದೆವು.

ಹೈವೇ ಬಿಟ್ಟು ಈ ದಾರಿ ಯಾಕೆ ಅಂದರೆ, ಬಾರ್ಜ್‌ಗಾಗಿ. ಅಘನಾಶಿನಿ ಹೊಳೆಗೆ ಎಲ್ಲೂ ಅಣೆಕಟ್ಟು ಇಲ್ಲ. ಸಿರ್ಸಿ ಹತ್ತಿರ ಹುಟ್ಟಿ ಉಂಚಳ್ಳಿಯಲ್ಲಿ ಜಲಪಾತವಾಗಿ ಹಾರಿ ಇಲ್ಲಿ ಕಡಲಿಗೆ ಸೇರುತ್ತದೆ. ಈ ಅಳಿವೆಗೆ 2024ರಲ್ಲಿ ರಾಮ್‌ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ನೀರು ಇಳಿದಾಗ ಹೋದರೆ ಸೊಂಟದಾಳದಲ್ಲಿ ನಿಂತು ಬಳಚು (ಚಿಪ್ಪಿನೊಳಗಿನ ಜೀವಿ) ಹೆಕ್ಕುವವರು ಕಾಣುತ್ತಾರೆ. ನಾವು ಹೋದಾಗ ಭರತ, ಕಡಲು ಉಕ್ಕಿದ ಹೊತ್ತು, ಬರೀ ನೀರು.

ಬಾರ್ಜ್‌ಗೆ ಬೈಕ್ ಹತ್ತಿಸುವಾಗ ಹೊಸಬರು ಗಾಬರಿ ಬೀಳುತ್ತಾರೆ. ತುದಿಯ ಹಲಗೆ ಒದ್ದೆ, ಮೇಲೆ ಪಾಚಿ. ಮೊದಲನೇ ಗೇರ್‌ನಲ್ಲಿ ನೇರವಾಗಿ, ಬ್ರೇಕ್ ಮುಟ್ಟದೆ ಹತ್ತಿ. ಹಲಗೆ ಮೇಲೆ ಮುಂದಿನ ಬ್ರೇಕ್ ಒತ್ತಿದಿರೋ, ಗಾಡಿ ಒಂದು ಕಡೆ, ನೀವು ಒಂದು ಕಡೆ. ಒಳಗೆ ಹೋದ ಮೇಲೆ ಗೇರ್‌ನಲ್ಲೇ ನಿಲ್ಲಿಸಿ ಇಂಜಿನ್ ಬಂದ್ ಮಾಡಿ, ಗಾಡಿ ಹಿಡಿದುಕೊಂಡೇ ನಿಲ್ಲಿ. ಹೊಳೆ ನಡುವೆ ಫೋಟೋ ತೆಗೆಯಲು ಹೋದವರ ಗಾಡಿ ಪಕ್ಕದವರ ಗಾಡಿ ಮೇಲೆ ಒರಗಿದ್ದನ್ನು ನೋಡಿದ್ದೇನೆ. ಚಿಲ್ಲರೆ ಇಟ್ಟುಕೊಳ್ಳಿ. ಸಂಜೆ ವಾಪಸ್ ಬರುವವರು ಕೊನೆಯ ಬಾರ್ಜ್ ಎಷ್ಟು ಗಂಟೆಗೆ ಅಂತ ಹೋಗುವಾಗಲೇ ಕೇಳಿಟ್ಟುಕೊಳ್ಳಿ. ತಪ್ಪಿದರೆ ಹೈವೇ ಮೇಲೆ ಸುತ್ತಿ ಬರಬೇಕಾಗುತ್ತದೆ.

ಗೋಕರ್ಣದ ಬಗ್ಗೆ ಬರೆಯಲು ಬೇರೆಯವರಿದ್ದಾರೆ. ಶನಿವಾರ, ಭಾನುವಾರ ರಥಬೀದಿಯೊಳಗೆ ಗಾಡಿ ತರಬೇಡಿ, ಅಷ್ಟೇ.

ನನ್ನ ಪಾಳಿ ಬಂದದ್ದು ಗೋಕರ್ಣ ಬಿಟ್ಟ ಮೇಲೆ, ಸಾಣಿಕಟ್ಟಾದ ಉಪ್ಪಿನ ಆಗರಗಳ ಹತ್ತಿರ. ಎದುರಿಗೆ ದನ ಬಂತು. ಕ್ಲಚ್ ಹಿಡಿದೆ. “ಟಕ್” ಅಂತು. ಲಿವರ್ ಕೈಯಲ್ಲಿ ಸಡಿಲ, ಗಾಡಿ ಮುಗ್ಗರಿಸಿ ಬಂದ್. ದನ ನಿಂತು ನನ್ನನ್ನು ನೋಡಿ ಹೋಯಿತು. ಕೇಬಲ್ ಲಿವರ್ ತುದಿಯ ಗುಂಡಿನ ಹತ್ತಿರವೇ ಹೋಗಿತ್ತು, ಎಳೆಗಳು ಹಳೇ ಪೊರಕೆ ಹಾಗೆ ಕೆದರಿದ್ದವು. ಅರ್ಧಕ್ಕರ್ಧ ಎಳೆ ತುಕ್ಕು ಹಿಡಿದು ಕಪ್ಪಾಗಿದ್ದವು, ಅಂದರೆ ಅವು ಯಾವತ್ತೋ ತುಂಡಾಗಿದ್ದವು. ಹದಿನೈದು ದಿನದಿಂದ ಕ್ಲಚ್ ಬಿಗಿ ಆಗಿತ್ತು. ಅದೇ ಸೂಚನೆ. ನಾನು ಎಣ್ಣೆ ಬಿಟ್ಟು ಸುಮ್ಮನಾಗಿದ್ದೆ.

350ರ ಗೆಳೆಯನ ಹತ್ತಿರ ಸ್ಪೇರ್ ಕ್ಲಚ್ ಕೇಬಲ್ ಇತ್ತು. ಅವನ ಗಾಡಿಯದ್ದು.

ಕ್ಲಚ್ ಇಲ್ಲದೆ ಗಾಡಿ ಓಡಿಸಬಹುದು, ಕಲಿತಿಟ್ಟುಕೊಳ್ಳಿ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಕಾಲಲ್ಲಿ ತಳ್ಳಿಕೊಂಡು ಓಡುವ ವೇಗ ಬಂದ ಮೇಲೆ ಮೊದಲನೇ ಗೇರ್ ಒತ್ತಿ. ಒಮ್ಮೆ ಜಗ್ಗಿ ಹೊರಡುತ್ತದೆ. ಮೇಲಿನ ಗೇರ್‌ಗೆ ಹೋಗುವಾಗ ಆಕ್ಸಿಲರೇಟರ್ ಬಿಟ್ಟ ಕ್ಷಣದಲ್ಲೇ ಕಾಲು ಎತ್ತಿ, ತಾನಾಗಿ ಕೂರುತ್ತದೆ. ನಿಲ್ಲಿಸುವ ಮೊದಲು ಉರುಳುತ್ತಿರುವಾಗಲೇ ನ್ಯೂಟ್ರಲ್ ಮಾಡಿಕೊಳ್ಳಿ. ಪೇಟೆಯಲ್ಲಿ, ಘಟ್ಟದಲ್ಲಿ ಈ ಸರ್ಕಸ್ ಬೇಡ. ಖಾಲಿ ರಸ್ತೆಯಲ್ಲಿ ಮೆಕ್ಯಾನಿಕ್ ಸಿಗುವವರೆಗೆ ಮಾತ್ರ.

ಮಾದನಗೇರಿವರೆಗೆ ಹೀಗೇ ಬಂದೆ. ತಗಡಿನ ಚಪ್ಪರದ ಒಂದು ಗ್ಯಾರೇಜು. ಊಟಕ್ಕೆ ಹೊರಟಿದ್ದವರು ಕೈ ತೊಳೆದದ್ದನ್ನು ಮತ್ತೆ ಕೊಳೆ ಮಾಡಿಕೊಂಡು ಕೂತರು. ನನ್ನ ಗಾಡಿಯ ಕೇಬಲ್ ಇರಲಿಲ್ಲ, ಬೇರೆ ಮಾಡೆಲ್‌ದು ಸ್ವಲ್ಪ ಉದ್ದ ಇತ್ತು, ಅದನ್ನೇ ಟ್ಯಾಂಕ್ ಕೆಳಗೆ ಒಂದು ಸುತ್ತು ಬಳಸಿ ಹಾಕಿದರು. ಇಪ್ಪತ್ತು ನಿಮಿಷದ ಕೆಲಸ. ಹೋಗುವಾಗ ಒಂದು ಉಪಾಯ ಹೇಳಿಕೊಟ್ಟರು: ಹೊಸ ಕೇಬಲ್ ತಂದಾಗ ಹಳೆಯದರ ಪಕ್ಕದಲ್ಲೇ ಅದನ್ನೂ ಎಳೆದು, ಎರಡೂ ತುದಿಗೆ ಪ್ಲಾಸ್ಟಿಕ್ ಸುತ್ತಿ ಟೈ ಹಾಕಿಡಿ. ದಾರಿಯಲ್ಲಿ ತುಂಡಾದರೆ ಟ್ಯಾಂಕ್ ಬಿಚ್ಚುವ ಕೆಲಸ ಇಲ್ಲ, ಎರಡು ತುದಿ ಸಿಕ್ಕಿಸಿ ಹೊರಟರಾಯಿತು. ಈಗ ನನ್ನ ಗಾಡಿಯಲ್ಲಿ ಹಾಗೇ ಇದೆ.

ಹೈವೇ ಸೇರಿ ಅಂಕೋಲಾ ಕಡೆ ಹೋಗುವಾಗ ಶಿರೂರು ಬರುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದು, ರಸ್ತೆ ಬದಿಯ ಚಾ ಅಂಗಡಿ, ನಿಂತಿದ್ದ ಲಾರಿ ಎಲ್ಲವನ್ನೂ ಗಂಗಾವಳಿ ಹೊಳೆಗೆ ತಳ್ಳಿದ ಜಾಗ. ಅದಕ್ಕೂ ಮೊದಲು ಅಲ್ಲಿ ನಿಂತು ಚಾ ಕುಡಿಯುವುದು ಎಲ್ಲರ ರೂಢಿ. ಮಳೆ ಜೋರಿದ್ದಾಗ ಗುಡ್ಡ ಕಡಿದ ಬದಿಯಲ್ಲಿ ಗಾಡಿ ನಿಲ್ಲಿಸಬೇಡಿ, ರೇನ್‌ಕೋಟ್ ಹಾಕಿಕೊಳ್ಳಲೂ ಬೇಡ. ಬಯಲು ಜಾಗ ಸಿಗುವವರೆಗೆ ಒದ್ದೆಯಾಗಿ.

ಈ ಹೈವೇಯಲ್ಲಿ ಮಳೆಗಾಲ ಅಲ್ಲದಾಗಲೂ ಒದ್ದೆ ಇರುತ್ತದೆ, ಮೀನಿನ ಲಾರಿಗಳಿಂದ. ಐಸ್ ಕರಗಿದ ನೀರು ಹಿಂದಿನಿಂದ ಸುರಿಯುತ್ತಲೇ ಹೋಗುತ್ತದೆ. ತಿರುವಿನಲ್ಲಿ ಅದು ಸಾಬೂನಿಗೆ ಸಮ, ವೈಸರ್‌ಗೆ ಹಾರಿದರೆ ಒರೆಸಿದಷ್ಟೂ ಮಬ್ಬು. ಓವರ್‌ಟೇಕ್ ಮಾಡಿ, ಇಲ್ಲವೇ ದೂರ ಇರಿ. ಬಿಣಗಾ ದಾಟಿ ಕಾರವಾರ ಸೇರುವ ಮೊದಲು ಸುರಂಗ ಸಿಗುತ್ತದೆ. ಕಪ್ಪು ವೈಸರ್ ಇದ್ದರೆ ಸುರಂಗದ ಬಾಯಿಗೆ ಬರುವ ಮೊದಲೇ ಎತ್ತಿಕೊಳ್ಳಿ, ಹೊಕ್ಕ ಮೇಲೆ ಎರಡು ಕ್ಷಣ ಏನೂ ಕಾಣುವುದಿಲ್ಲ. ಅರಗಾ ಸುತ್ತಮುತ್ತ ನೌಕಾನೆಲೆಯ ಗೋಡೆ. ಅಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯುವ ಉಸಾಬರಿ ಬೇಡ.

ಕಾರವಾರದಲ್ಲಿ ಟಾಗೋರ್ ಕಡಲತೀರ, ಚಪಲ್ ಯುದ್ಧನೌಕೆ ನೋಡಿ, ಕಾಳಿ ಸೇತುವೆವರೆಗೆ ಹೋಗಿ ಬಂದೆವು. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಕುಸಿದದ್ದು ಇಲ್ಲೇ. ಗೆಳೆಯನಿಗೆ ಬಾಂಗಡೆ ಊಟ, ನಮಗಿಬ್ಬರಿಗೆ ಅನ್ನ ಸಾರು. ಅವನ ಮುಖದಲ್ಲಿ ದಿನದ ಮೊದಲ ಸಮಾಧಾನ ಕಂಡಿತು.

ರೂಮು ಕಡಲಿಗೆ ಹತ್ತಿರ. ಗಾಳಿ ನೇರ ಬೀಸುವ ಕಡೆಗೇ ಗಾಡಿ ನಿಲ್ಲಿಸಿದ್ದೆವು. ಬೆಳಿಗ್ಗೆ ನೋಡಿದರೆ ನನ್ನ ಚೈನು ಅರಿಶಿನ ಕುಂಕುಮ ಹಚ್ಚಿದ ಹಾಗೆ. ಹಿಂದಿನ ದಿನ ಸಂಜೆ ಅಲೆ ಬರುವ ಮರಳಿನವರೆಗೂ ಗಾಡಿ ಇಳಿಸಿದ್ದೆ. ಅದು ಮಾಡಬಾರದಿತ್ತು, ಆಮೆ ಮೊಟ್ಟೆ ಇಡುವ ತೀರಗಳು ಇವು. ಉಪ್ಪು ನೀರು ತಾಗಿದ ಚೈನಿಗೆ ಎಣ್ಣೆ ಹಾಕಿದರೆ ಉಪ್ಪು ಒಳಗೇ ಉಳಿಯುತ್ತದೆ. ಮೊದಲು ಸಿಹಿನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ದೂರ ಓಡಿಸಿ ಒಣಗಿಸಿ, ಆಮೇಲೆ ಎಣ್ಣೆ. ಮರಳಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕುವುದಾದರೆ ಕೆಳಗೆ ಒಂದು ಚಪ್ಪಟೆ ಕಲ್ಲು ಇಡಿ. ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ, ಇದನ್ನು ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ, 350ರ ಗೆಳೆಯನಿಗೆ ಹೇಳಬೇಕಾಯಿತು.

ವಾಪಸ್ ಅಂಕೋಲಾದಿಂದ ಹುಬ್ಬಳ್ಳಿ ರಸ್ತೆ ಹಿಡಿದು ಅರಬೈಲ್ ಘಟ್ಟ. ಲಾರಿ ಸಾಲು ಸಾಲು. ತಿರುವಿನಲ್ಲಿ ಲಾರಿಯ ಒಳಮಗ್ಗುಲಿಗೆ ನುಗ್ಗಬೇಡಿ, ಅದರ ಹಿಂದಿನ ಚಕ್ರ ಒಳಗೆ ಒತ್ತಿಕೊಂಡೇ ಬರುತ್ತದೆ. ಸ್ಕೂಟರ್ ಹತ್ತುವಾಗ ಏದುಸಿರು ಬಿಟ್ಟಿತು, ಆದರೆ ಹತ್ತಿತು. ಯಲ್ಲಾಪುರದಲ್ಲಿ ಚಾ. ಮಂಚಿಕೇರಿ ಕಡೆಯ ರಸ್ತೆಯಲ್ಲಿ ಮರದ ನೆರಳು ದಟ್ಟ, ಬಿಸಿಲು ಬೀಳದ ಅಂಚಿನಲ್ಲಿ ಮಳೆಗಾಲದ ಪಾಚಿ ಇನ್ನೂ ಒಣಗಿರಲಿಲ್ಲ. ಎದುರಿನ ಬಸ್ಸಿಗೆ ದಾರಿ ಬಿಡಲು ಅಂಚಿಗೆ ಇಳಿಯುವುದಾದರೆ ನೇರವಾಗಿ ಇಳಿಯಿರಿ, ಓರೆಯಾಗಿ ಬೇಡ. ಶಾಲ್ಮಲೆ ಹೊಳೆಯ ಸಹಸ್ರಲಿಂಗಕ್ಕೂ ಇದೇ ದಾರಿಯಲ್ಲಿ ತಿರುಗಬಹುದು. ನಮಗೆ ಹೊತ್ತು ಮುಳುಗಿತ್ತು.

ಸೋಮವಾರ ಭಾವನ ಸ್ಕೂಟರ್ ಗ್ಯಾರೇಜಿಗೆ ಹೋಯಿತು. ನಾನೂ ಜೊತೆಗಿದ್ದೆ. ಹಿಂದಿನ ಚಕ್ರ ಬಿಚ್ಚಿ ಮೆಕ್ಯಾನಿಕ್ ಬ್ರೇಕ್ ಶೂ ಹೊರಗೆ ತೆಗೆದರು. ತರಿತರಿ ಇರಬೇಕಾದದ್ದು ಕಾದು ಕಾದು ಗಾಜಿನ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು, ಭಾವನ ಕೈಗೆ ಕೊಟ್ಟರು.

“ಇದರಲ್ಲಿ ಮುಖ ನೋಡಿ ಗಡ್ಡ ಹೆರೆದುಕೊಳ್ಳಬಹುದು.”