ಎಡಬಾಗಿಲಿನ ಐದು ಮಿಲಿಮೀಟರ್

ಕಳೆದ ಭಾನುವಾರ ಸಂಜೆ ನಾವು ದುರಸ್ತಿ ಮಾಡುತ್ತಿರುವ ಹಳೆಯ ಇಂಗ್ಲಿಷ್ ಕಾರು ಎಂಜಿಬಿಯ ಎಡಬಾಗಿಲು ಜಾಕ್‌ನ ಆಸರೆಯಿಲ್ಲದೆ, ಯಾರೂ ಎತ್ತಿ ಹಿಡಿಯದೆ, ಮೊದಲ ಬಾರಿಗೆ ಪೂರ್ತಿಯಾಗಿ ಮುಚ್ಚಿಕೊಂಡಿತು. ಬಾಡಿಯ ವೆಲ್ಡಿಂಗ್ ಇನ್ನೆರಡು ವಾರದಲ್ಲಿ ಮುಗಿಯುತ್ತದೆ ಎಂದು ಹೋದ ಸಲ ಬರೆದಿದ್ದೆ. ಅದಾಗಿ ಹನ್ನೊಂದು ವಾರಗಳಾಗಿವೆ. ಅಷ್ಟೂ ವಾರಗಳನ್ನು ನುಂಗಿದ್ದು ಒಂದೇ ಒಂದು ಸಂದು: ಎಡಬಾಗಿಲಿನ ಹಿಂದಿನ ಅಂಚಿಗೂ ಹಿಂಬದಿಯ ಮಡ್‌ಗಾರ್ಡಿಗೂ ನಡುವಿನದು.

ನಮ್ಮದು 1971ರ ರೋಡ್‌ಸ್ಟರ್, ಎಂದರೆ ಗಟ್ಟಿ ಮೇಲ್ಛಾವಣಿಯಿಲ್ಲದ ಮಾದರಿ. ಹಿಂದಿನ ಮಾಲೀಕರು ಅದನ್ನು ಕೊನೆಯ ಸ್ಕ್ರೂವಿನವರೆಗೆ ಬಿಚ್ಚಿ, ಅರ್ಧ ವೆಲ್ಡಿಂಗ್ ಮಾಡಿ, ಕೈಬಿಟ್ಟಿದ್ದರು. ನಮಗೆ ಸಿಕ್ಕಿದ್ದು ಗಾಲಿಯ ಸ್ಟ್ಯಾಂಡಿನ ಮೇಲೆ ಕುಳಿತ ಒಂದು ಖಾಲಿ ಬಾಡಿ ಮತ್ತು 23 ಪೆಟ್ಟಿಗೆಗಳು. ನಾವಿರುವ ಇಂಗ್ಲೆಂಡಿನ ಸ್ವಿಂಡನ್ ಊರಿನ ಪ್ರೆಸ್ಡ್ ಸ್ಟೀಲ್ ಕಾರ್ಖಾನೆಯಲ್ಲೇ ಈ ಕಾರುಗಳ ಬಾಡಿಯ ತಗಡು ಆಕಾರ ಪಡೆಯುತ್ತಿತ್ತು; ಕಾರು ಸಿದ್ಧವಾಗುತ್ತಿದ್ದುದು ಆಬಿಂಗ್‌ಡನ್‌ನಲ್ಲಿ. ಆದ್ದರಿಂದ ಇದು ಹುಟ್ಟಿದೂರಿಗೇ ಮರಳಿ ಬಂದಿದೆ ಎಂಬ ಸಂತೋಷ ಮನೆಮಂದಿಗೆಲ್ಲ ಇದೆ. ವೆಲ್ಡಿಂಗ್ ನನ್ನದು, ವೈರಿಂಗ್ ಮತ್ತು ಖರ್ಚಿನ ಲೆಕ್ಕ ನಮ್ಮ ಮನೆಯವರದು, ಅಳತೆ ಹದಿನೈದರ ಮಗಳದು, ಪೆಟ್ಟಿಗೆಗಳ ಪಟ್ಟಿ ಹನ್ನೊಂದರ ಮಗನದು. ಯಾವುದಕ್ಕೂ ಹೊಂದದ ಭಾಗಗಳ ಪೆಟ್ಟಿಗೆಯ ಮೇಲೆ ಅವನು ‘ಅಜ್ಜನನ್ನು ಕೇಳಿ’ ಎಂದು ಬರೆದಿಟ್ಟಿದ್ದಾನೆ. ಆ ಅಜ್ಜ, ಅಂದರೆ ನನ್ನ ಅಪ್ಪ, ಹಾಸನದಲ್ಲಿ ಮೂವತ್ತು ವರ್ಷ ಟಿಂಕರಿಂಗ್ ಅಂಗಡಿ ನಡೆಸಿದವರು. ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದಾರೆ. ಅದರಲ್ಲಿ ನಾಲ್ಕು ತಿಂಗಳು ಗ್ಯಾರೇಜಿನಲ್ಲೇ ಕಳೆದಿವೆ.

ಬಲಭಾಗದ ಸಿಲ್, ಎಂದರೆ ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಭಾಗದ ಕೆಲಸ, ಯಾವ ತಕರಾರೂ ಇಲ್ಲದೆ ಮುಗಿದಿತ್ತು. ಎಡಭಾಗಕ್ಕೆ ಹಿಂದಿನ ಮಾಲೀಕರೇ ಹೊಸ ಸಿಲ್ ಹಾಕಿ, ಬಣ್ಣವನ್ನೂ ಬಳಿದಿದ್ದರು. ಅಲ್ಲಿ ಉಳಿದಿರುವುದು ಬಾಗಿಲು ತೂಗುಹಾಕುವ ಕೆಲಸ ಮಾತ್ರ ಎಂದುಕೊಂಡು ಹಿಂಜ್ ಬಿಗಿದೆವು. ಬಾಗಿಲು ಮುಚ್ಚಲಿಲ್ಲ. ಹಿಂದಿನ ಅಂಚಿನ ಮೇಲ್ತುದಿ ಮಡ್‌ಗಾರ್ಡಿಗೆ ಉಜ್ಜಿ ನಿಂತಿತು. ಕಷ್ಟಪಟ್ಟು ಒಳಗೆ ಕೂರಿಸಿ ನೋಡಿದಾಗ ಮೇಲುಗಡೆ ಸಂದು 1.5 ಮಿ.ಮೀ., ಕೆಳಗಡೆ 6.5 ಮಿ.ಮೀ. ಇತ್ತು. ನಾವು ಸಂದು ಅಳೆಯುವುದು ಡ್ರಿಲ್ ಬಿಟ್‌ಗಳ ಹಿಂತುದಿಯಿಂದ, ಬಲಬಾಗಿಲಿನಲ್ಲಿ 4.5ರ ಬಿಟ್ ಮೇಲಿನಿಂದ ಕೆಳಗಿನವರೆಗೂ ಒಂದೇ ಹದದಲ್ಲಿ ಜಾರುತ್ತದೆ.

ಮೊದಲು ಎಲ್ಲರೂ ಅನುಮಾನಪಟ್ಟಿದ್ದು ಬಾಗಿಲನ್ನೇ. ಹಿಂಜ್ ಹಿಂದಿನ ಶಿಮ್‌ಗಳನ್ನು (ಸಂದು ಹೊಂದಿಸುವ ತೆಳು ತಗಡಿನ ಬಿಲ್ಲೆಗಳನ್ನು) ತೆಗೆದು ಹಾಕಿ, ಹಾಕಿ ತೆಗೆದು, ಮೂರು ವಾರಾಂತ್ಯಗಳು ಹೋದವು. ಶಿಮ್ ಬದಲಿಸಿದಾಗಲೆಲ್ಲ ಮೇಲಿನ ಸಂದು ತುಸು ತೆರೆಯುತ್ತಿತ್ತು, ಆದರೆ ಅಷ್ಟರಲ್ಲಿ ಬಾಗಿಲಿನ ಕೆಳ ಅಂಚು ಸಿಲ್‌ಗೆ ಓರೆಯಾಗಿ ನಿಲ್ಲುತ್ತಿತ್ತು. ಆಮೇಲೆ ಅಪ್ಪ ತಮ್ಮ ಅಂಗಡಿಯ ವಿಧಾನವನ್ನು ಪ್ರಯೋಗಿಸಿದರು. ಹಿಂಜ್ ಬಳಿ ಹೊಂಗೆ ಮರದ ತುಂಡು ಇಟ್ಟು ಬಾಗಿಲನ್ನು ಒತ್ತುವ ಆ ಉಪಾಯಕ್ಕೆ ಇಲ್ಲಿ ಓಕ್ ಮರದ ತುಂಡೇ ಗತಿಯಾಯಿತು. ಅದರಿಂದ ಅರ್ಧ ಮಿಲಿಮೀಟರ್ ಸಿಕ್ಕಿತು, ಮರುದಿನ ಬೆಳಿಗ್ಗೆಗೆ ಅದೂ ಮಾಯವಾಗಿತ್ತು. ಸಂಜೆ ಚಹಾ ಕುಡಿಯುತ್ತ ಅಪ್ಪ, “ಬಾಗಿಲು ಸರಿಯಾಗೇ ಇದೆ ಕಣಮ್ಮ, ಬಾಗಿಲುವಾಡನೇ ಸೊಟ್ಟ ಇರ್ಬೇಕು” ಎಂದರು. ಮಳೆಗಾಲಕ್ಕೆ ಗೋಡೆ ಕುಸಿದ ಮನೆಯಲ್ಲಿ ಬಾಗಿಲನ್ನು ಎಷ್ಟು ಕೆತ್ತಿದರೂ ಕೂರುವುದಿಲ್ಲ ಎಂಬುದು ಹಳ್ಳಿಯ ಬಡಗಿಗಳಿಗೆಲ್ಲ ಗೊತ್ತಿರುವ ಸಂಗತಿ.

ಆ ಮಾತನ್ನು ಲೆಕ್ಕಕ್ಕೆ ತಂದವಳು ಮಗಳು. ಎರಡು ಮರದ ಪಟ್ಟಿಗಳನ್ನು ಒಂದರ ಮೇಲೊಂದು ಜಾರಿಸಿ, ಕ್ಲ್ಯಾಂಪ್ ಬಿಗಿದು, ಬಲಬದಿಯ ಬಾಗಿಲಿನ ಜಾಗವನ್ನು ಮೇಲೆ ಮತ್ತು ಕೆಳಗೆ ಅಳೆದು, ಅದೇ ಅಳತೆಯನ್ನು ಎಡಬದಿಗೆ ಹಿಡಿದಳು. ಎಡಬದಿಯ ಬಾಗಿಲುವಾಡ ಮೇಲ್ಗಡೆ 3 ಮಿ.ಮೀ. ಕಿರಿದಾಗಿತ್ತು, ಕೆಳಗಡೆ 2 ಮಿ.ಮೀ. ಅಗಲವಾಗಿತ್ತು. ಬಾಗಿಲಿನ ಅಂಚಿನ ಎತ್ತರ ಸುಮಾರು ಅರ್ಧ ಮೀಟರ್. ಅರ್ಧ ಮೀಟರಿಗೆ ಐದು ಮಿಲಿಮೀಟರ್ ಎಂದರೆ ನೂರಕ್ಕೊಂದು ವಾಲು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 91 ಅಂಗುಲ, ಅಂದರೆ 2311 ಮಿ.ಮೀ. ಕಾರು ನಟ್ಟನಡುವೆ ಮಡಿಸಿಕೊಂಡಿದೆ ಎಂದು ಊಹಿಸಿದರೆ, ಆ ಅಂತರದ ಕಾಲುಭಾಗವನ್ನು ನೂರರಿಂದ ಭಾಗಿಸಿದಷ್ಟು, ಎಂದರೆ ಆರು ಮಿಲಿಮೀಟರಿನ ಆಸುಪಾಸು, ಅದರ ನಡು ಜಗ್ಗಿರಬೇಕು ಎಂದು ಅವಳು ಕಾಗದದ ಮೇಲೆ ತೋರಿಸಿದಳು. ಕಾರಿನ ಕೆಳಗೆ ಮೀನು ಹಿಡಿಯುವ ದಾರವನ್ನು ಎಳೆದು ಕಟ್ಟಿ ನೋಡಿದೆವು: ಬಲಬದಿಯಲ್ಲಿ ಒಂದು ಮಿಲಿಮೀಟರ್ ಜಗ್ಗು, ಎಡಬದಿಯಲ್ಲಿ ಆರು. ಆ ಕಾಗದವನ್ನು ಗ್ಯಾರೇಜಿನ ಗೋಡೆಗೆ ಅಂಟಿಸಿದ್ದೇವೆ.

ಕೆಲಸ ಬಲ್ಲವರಿಗೆ ಕಾರಣ ಈಗಾಗಲೇ ಹೊಳೆದಿರಬಹುದು. ಎಂಜಿಬಿಗೆ ಮೊದಲು ಬಂದ ಎಂಜಿಎಗೆ ಪ್ರತ್ಯೇಕ ಚಾಸಿ, ಎಂದರೆ ಬಾಡಿಯ ಕೆಳಗೆ ಭಾರ ಹೊರುವ ಚೌಕಟ್ಟು, ಇತ್ತು. 1962ರಲ್ಲಿ ಎಂಜಿ ಕಂಪನಿಯ ಎಂಜಿನಿಯರ್ ಸಿಡ್ ಎನೆವರ್ ಅವರ ತಂಡ ಎಂಜಿಬಿಯನ್ನು ತಂದಾಗ ಚಾಸಿಯನ್ನು ಕೈಬಿಟ್ಟು, ಬಾಡಿಯೇ ಭಾರ ಹೊರುವಂತೆ ಮಾಡಿತು. ರೋಡ್‌ಸ್ಟರಿಗೆ ಮೇಲ್ಛಾವಣಿಯ ಆಧಾರವೂ ಇಲ್ಲದ್ದರಿಂದ, ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಡುವ ಬೆನ್ನೆಲುಬೆಂದರೆ ನೆಲದ ನಡುವೆ ಉದ್ದಕ್ಕೆ ಉಬ್ಬಿದ ಟನಲ್ ಮತ್ತು ಎರಡು ಬದಿಯ ಸಿಲ್‌ಗಳು. ಆ ಸಿಲ್ ಹೊರಗೆ ಕಾಣುವ ಒಂದು ತಗಡಲ್ಲ. ಹೊರ ಸಿಲ್, ಅದರ ಹಿಂದೆ ನಿಂತ ಮೆಂಬ್ರೇನ್ ಎಂಬ ನಡುತಗಡು, ಒಳ ಸಿಲ್, ತಳದಲ್ಲಿ ಕ್ಯಾಸಲ್ ರೈಲ್ ಎಂಬ ಉದ್ದ ಪಟ್ಟಿ, ಹೀಗೆ ನಾಲ್ಕೂ ಸೇರಿ ಆಗುವ ಪೆಟ್ಟಿಗೆ. ಅದನ್ನು ಕತ್ತರಿಸುವ ಮೊದಲು ಬಾಗಿಲುವಾಡಕ್ಕೆ ಅಡ್ಡವಾಗಿ ಕಬ್ಬಿಣದ ಆಸರೆ ಕೊಡದಿದ್ದರೆ ಕಾರು ನಡುವಿನಲ್ಲಿ ಜಗ್ಗುತ್ತದೆ. ಜಗ್ಗಿದ ಸ್ಥಿತಿಯಲ್ಲೇ ಹೊಸ ತಗಡನ್ನು ವೆಲ್ಡ್ ಮಾಡಿದರೆ ಆ ಜಗ್ಗು ಶಾಶ್ವತವಾಗುತ್ತದೆ. ಪೆಟ್ಟಿಗೆಗಳ ಜೊತೆ ಬಂದಿದ್ದ ಹಳೆಯ ಫೋಟೊಗಳನ್ನು ಮಗ ಹುಡುಕಿ ತೆಗೆದ. ಒಂದರಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು: ಎರಡು ತುದಿಗೆ ಆಕ್ಸಲ್ ಸ್ಟ್ಯಾಂಡ್, ಬಾಗಿಲು ಬಿಚ್ಚಿದೆ, ಎಡಸಿಲ್ ಕತ್ತರಿಸಿದೆ, ಅಡ್ಡ ಆಸರೆ ಎಲ್ಲಿಯೂ ಇಲ್ಲ.

ನಂಬಿಕೆ ಗಟ್ಟಿಯಾಗಲೆಂದು ಒಂದು ಪರೀಕ್ಷೆ ಮಾಡಿದೆವು. ಎಡಬದಿಯ ಕ್ಯಾಸಲ್ ರೈಲ್ ಕೆಳಗೆ ಉದ್ದನೆಯ ಮರದ ತೊಲೆ ಇಟ್ಟು, ಅದರಡಿ ಬಾಟಲ್ ಜಾಕ್ ಇಟ್ಟು, ಸಾವಕಾಶವಾಗಿ ಎತ್ತಿದೆವು. ಸಂದು ಕಣ್ಣೆದುರಿಗೇ ನೇರವಾಯಿತು, ಬಾಗಿಲು ಸಲೀಸಾಗಿ ಮುಚ್ಚಿತು. ಜಾಕ್ ಇಳಿಸಿದ ಕೂಡಲೇ ಬಾಗಿಲು ಮತ್ತೆ ಕಚ್ಚಿಕೊಂಡಿತು. ರಾತ್ರಿ ಹನ್ನೊಂದರವರೆಗೆ ಎಂಟು ಸಲ ಎತ್ತಿ ಇಳಿಸಿದೆವು, ಎಂಟು ಸಲವೂ ಅದೇ ಆಯಿತು. ರೋಗ ತಿಳಿದ ಸಮಾಧಾನಕ್ಕಿಂತ, ಹೊಸದಾಗಿ ಕಾಣುವ ಸಿಲ್ಲನ್ನು ಪೂರ್ತಿ ಕಿತ್ತುಹಾಕಬೇಕೆಂಬ ಸಂಕಟವೇ ಆ ರಾತ್ರಿ ಹೆಚ್ಚಾಗಿತ್ತು.

ಅಪ್ಪನಿಗೆ ಹೊಸ ತಗಡು ಕತ್ತರಿಸಲು ಮನಸ್ಸಿರಲಿಲ್ಲ. ನಮ್ಮ ಮನೆಯವರು ಲೆಕ್ಕದ ಪುಸ್ತಕ ತೆರೆದು, ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದಲೂ ಹಳೆಯ ಅಚ್ಚುಗಳಲ್ಲೇ ತಯಾರಿಸುತ್ತಿರುವ ಹೊಸ ಬಾಡಿಯನ್ನು ಕೊಂಡರೆ ಹೇಗೆಂದು ಕೇಳಿದರು. ಆ ಬಾಡಿಗಳು ನಿಜಕ್ಕೂ ಒಳ್ಳೆಯವು, ಆದರೆ ನಮಗೆ ಬೇಕಾಗಿರುವುದು 1971ರಲ್ಲಿ ಈ ಊರಿನ ಕೈಗಳು ಸೇರಿಸಿದ ಇದೇ ಕಾರು. ಕೊನೆಗೆ ಸಿಲ್‌ನ ಒಳಕ್ಕೆ ಸಣ್ಣ ಕ್ಯಾಮೆರಾ ಇಳಿಸಿದಾಗ ಚರ್ಚೆ ತಾನಾಗಿ ಮುಗಿಯಿತು. ಹೊಸ ಹೊರ ಸಿಲ್‌ನ ಹಿಂದೆ ಹಳೆಯ ಮೆಂಬ್ರೇನ್ ಹಾಗೆಯೇ ಇತ್ತು, ತುಕ್ಕು ತಿಂದು ಜರಡಿಯಂತಾಗಿತ್ತು. ಅಪ್ಪ ಏನೂ ಮಾತಾಡದೆ ಎದ್ದು ಗ್ರೈಂಡರಿನ ಡಿಸ್ಕ್ ಬದಲಿಸಿದರು.

ಬಿಡಿಭಾಗ ತರಿಸುವ ವಿಷಯದಲ್ಲಿ ನನ್ನ ದೂರು ಹೇಳಲೇಬೇಕು. ಎಡಬದಿಯ ಕ್ಯಾಸಲ್ ರೈಲ್ ಬೇಕೆಂದು ಬರೆದು ಹಣ ಕಟ್ಟಿದರೆ ಬಲಬದಿಯದು ಬಂತು. ವಾಪಸು ಕಳುಹಿಸಿ ಹತ್ತು ದಿನ ಕಾದ ಮೇಲೆ ‘ಎಡ’ ಎಂಬ ಚೀಟಿ ಅಂಟಿಸಿದ ಪೆಟ್ಟಿಗೆ ಬಂತು. ಅದರೊಳಗೂ ಬಲಬದಿಯದೇ ಇತ್ತು. ಇನ್ನೊಂದು ಕಡೆಯಿಂದ ಅಗ್ಗಕ್ಕೆ ತರಿಸಿದ ಹೊರ ಸಿಲ್‌ನ ಅಂಚಿನ ಗೆರೆ, ಬಾಗಿಲಿನ ಗೆರೆಗಿಂತ 3 ಮಿ.ಮೀ. ಕೆಳಗೆ ಓಡಿತು. ಮೂಲ ಅಚ್ಚಿನಲ್ಲಿ ಒತ್ತಿದ ತಗಡಿಗೂ ನಕಲು ನೋಡಿ ಬಗ್ಗಿಸಿದ ತಗಡಿಗೂ ಬೆಲೆಯಲ್ಲಿ ಇರುವ ವ್ಯತ್ಯಾಸಕ್ಕಿಂತ, ಅದನ್ನು ಬಡಿದು ಸರಿಪಡಿಸಲು ತಗಲುವ ದಿನಗಳ ಬೆಲೆ ಹೆಚ್ಚು. ದಯವಿಟ್ಟು ಸಿಲ್ ವಿಷಯದಲ್ಲಿ ಹಣ ಉಳಿಸಬೇಡಿ.

ಆ ಪಾರ್ಸಲ್ಲಿಗಾಗಿ ಕಾಯುತ್ತಿದ್ದ ಎರಡು ವಾರಗಳಲ್ಲೇ ನಮ್ಮ ಮುಂದಿನ ಯೋಜನೆಯೂ ಹುಟ್ಟಿಕೊಂಡಿತು. ಅರಕಲಗೂಡಿನ ದೊಡ್ಡಪ್ಪನ ಮನೆಯ ಕೊಟ್ಟಿಗೆಯಲ್ಲಿ, ತೆಂಗಿನ ಮಟ್ಟೆಗಳ ಹಿಂದೆ, ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ನಿಂತಿದೆ. ಇಂಗ್ಲೆಂಡಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡ್ ಕಾರನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ನಮ್ಮಲ್ಲಿ ತಯಾರಿಸುತ್ತಿತ್ತು; ಮುಂದೆ ಭಾರತಕ್ಕೆಂದೇ ಅದಕ್ಕೆ ನಾಲ್ಕು ಬಾಗಿಲುಗಳನ್ನೂ ಇಟ್ಟಿತು. ದೊಡ್ಡಪ್ಪನದು ಆ ನಾಲ್ಕು ಬಾಗಿಲಿನದು. ಅಪ್ಪನ ಉತ್ಸಾಹಕ್ಕೆ ತಾಂತ್ರಿಕ ಕಾರಣವಿದೆ: ಹೆರಾಲ್ಡಿಗೆ ಪ್ರತ್ಯೇಕ ಚಾಸಿ ಇದೆ, ಬಾಡಿ ಅದರ ಮೇಲೆ ಬೋಲ್ಟುಗಳಲ್ಲಿ ಕೂರುತ್ತದೆ, ಆದ್ದರಿಂದ ಬಾಗಿಲಿನ ಸಂದು ಕೆಟ್ಟರೆ ಬಾಡಿ ಕೂರುವ ಜಾಗಗಳಲ್ಲಿ ಶಿಮ್ ಏರಿಸಿ ಇಳಿಸಿ ಸರಿಪಡಿಸಬಹುದು, ಏನನ್ನೂ ಕತ್ತರಿಸಬೇಕಾಗಿಲ್ಲ. ಹಿಂದಿರುಗುವಾಗ ಸೂಟ್‌ಕೇಸಿನಲ್ಲಿ ಒಯ್ಯಬೇಕಾದ ರಬ್ಬರ್ ಭಾಗಗಳ ಪಟ್ಟಿಯನ್ನು ಅಪ್ಪ ಮತ್ತು ಮಗ ಈಗಲೇ ಸಿದ್ಧಪಡಿಸಿದ್ದಾರೆ.

ಸರಿಯಾದ ರೈಲ್ ಬಂದ ಶನಿವಾರ ಕತ್ತರಿಸಲು ಕುಳಿತೆವು. ಮೊದಲು ಹಿಂಜ್ ಕಂಬದಿಂದ ಬೀಗದ ಕಂಬಕ್ಕೆ ಅಡ್ಡಲಾಗಿ, ಬಾಗಿಲು ಮುಚ್ಚಲು ಅಡ್ಡಿಯಾಗದಂತೆ ಒಳಬದಿಯಲ್ಲಿ, ಚೌಕ ಪೈಪಿನ ಆಸರೆ ಬಿಗಿದು, ಅದರ ನಡುವೆ ಟರ್ನ್‌ಬಕಲ್ ಸೇರಿಸಿದೆ. ಅದನ್ನು ತಿರುಗಿಸಿದರೆ ಬಾಗಿಲುವಾಡದ ಮೇಲ್ಭಾಗ ಕೂದಲೆಳೆಯಷ್ಟು ಅಗಲವಾಗುತ್ತದೆ. ಆಮೇಲೆ ಜಾಕ್ ಎತ್ತಿ ಸಂದು ಸರಿಮಾಡಿಕೊಂಡು ಕತ್ತರಿಸತೊಡಗಿದೆ. ಇಲ್ಲೊಂದು ಅಪಾಯ ಎದುರಾಯಿತು, ನೀವೂ ಜಾಗರೂಕರಾಗಿರಬೇಕು. ನಡುವನ್ನು ಮೇಲಕ್ಕೆತ್ತಿದಾಗ ಸಿಲ್ ಎರಡು ತುದಿಗಳಿಂದಲೂ ಒತ್ತಡಕ್ಕೆ ಸಿಕ್ಕಿರುತ್ತದೆ. ಕತ್ತರಿಸಿದ ಸೀಳು ಅಗಲವಾಗುವ ಬದಲು ಮುಚ್ಚಿಕೊಳ್ಳುತ್ತ ಬರುತ್ತದೆ, ತಿರುಗುತ್ತಿರುವ ಡಿಸ್ಕನ್ನು ಕಚ್ಚಿಹಿಡಿಯುತ್ತದೆ. ಗ್ರೈಂಡರ್ ಕೈಯಲ್ಲಿ ಒದ್ದುಕೊಂಡಾಗ ಅಪ್ಪ ಪಕ್ಕದಿಂದ ಸ್ವಿಚ್ ಆರಿಸಿದರು. ಜಾಕನ್ನು ಸಡಿಲಿಸಿ, ಸೀಳಿನ ಬದಲು ನಾಲ್ಕು ಬೆರಳಗಲದ ಪಟ್ಟಿಯನ್ನೇ ತೆಗೆದ ಮೇಲೆ ಕೆಲಸ ಸುಗಮವಾಯಿತು. ಉಳಿದದ್ದನ್ನು ಸ್ಪಾಟ್ ವೆಲ್ಡ್‌ಗಳನ್ನು ಕೊರೆದು ಬಿಡಿಸಿದೆವು. ಹಳೆಯ ಮೆಂಬ್ರೇನಿನ ಅವಶೇಷ ಒಂದು ಮೊರದಷ್ಟು ಪುಡಿಯಾಗಿ ಉದುರಿತು.

ಜೋಡಿಸುವಾಗ ಬಾಗಿಲನ್ನೇ ಅಳತೆಗೋಲು ಮಾಡಿಕೊಂಡೆವು. ಬಾಗಿಲನ್ನು ಬೀಗಕ್ಕೆ ಕೂರಿಸಿ, ಸಂದಿನ ಮೇಲೆ ಕೆಳಗೆ 4.5ರ ಬಿಟ್‌ಗಳನ್ನು ಸಿಕ್ಕಿಸಿ, ಅವು ಬಿಗಿಯಾಗದೆ ಬೀಳದೆ ನಿಲ್ಲುವವರೆಗೆ ಜಾಕ್ ಮತ್ತು ಟರ್ನ್‌ಬಕಲ್ ತಿರುಗಿಸಿ, ಆಮೇಲೆ ಒಳ ಸಿಲ್, ಕ್ಯಾಸಲ್ ರೈಲ್, ಮೆಂಬ್ರೇನ್, ಹೊರ ಸಿಲ್ ಎಂಬ ಕ್ರಮದಲ್ಲಿ ಸೇರಿಸುತ್ತ ಬಂದೆ. ಪ್ರತಿ ಹಂತ ಮುಗಿದಾಗಲೂ ಮಗಳು ಬಿಟ್ ಜಾರಿಸಿ ನೋಡಿ ಅಂಕಿಯನ್ನು ಗೋಡೆಯ ಕಾಗದದಲ್ಲಿ ಬರೆದಳು. ತಗಡಿಗೆ ಆರು ಮಿಲಿಮೀಟರಿನ ರಂಧ್ರ ಕೊರೆದು ಪ್ಲಗ್ ವೆಲ್ಡ್ ತುಂಬುವಾಗ ಮುಂದೊಂದು, ಹಿಂದೊಂದು, ನಡುವೊಂದು ಎಂದು ಜಾಗ ಬದಲಿಸುತ್ತ ಹೋದೆ. ಒಂದೇ ಕಡೆಯಿಂದ ಸಾಲಾಗಿ ಹೋದರೆ ಕಾಯ್ದ ತಗಡು ತಣಿಯುವಾಗ ಎಳೆದುಕೊಂಡು, ಜಾಕ್ ಕೊಟ್ಟದ್ದನ್ನೆಲ್ಲ ಕಸಿದುಕೊಳ್ಳುತ್ತದೆ. ಹೊರ ಸಿಲ್‌ನ ಮೇಲಂಚು ಮುಗಿಯಲು ಎರಡು ವಾರಾಂತ್ಯ ಹಿಡಿಯಿತು. ಅಷ್ಟು ದಿನವೂ ಜಾಕ್ ಮತ್ತು ಆಸರೆಗಳನ್ನು ಅಲುಗಿಸಲಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಐವರೂ ಗ್ಯಾರೇಜಿಗೆ ಬಂದೆವು. ಮಗ ಜಾಕ್‌ನ ತಿರುಪನ್ನು ಕಾಲು ಸುತ್ತಿನಷ್ಟೇ ಸಡಿಲಿಸುತ್ತ ಬಂದ, ನಾನು ಟರ್ನ್‌ಬಕಲ್ ಬಿಚ್ಚಿದೆ, ಅಪ್ಪ ಬೀಗದ ಕಂಬದ ಮೇಲೆ ಅಂಗೈ ಇಟ್ಟು ಅದು ಕದಲುತ್ತದೆಯೇ ಎಂದು ಗಮನಿಸುತ್ತಿದ್ದರು. ಆಸರೆಯನ್ನು ತೆಗೆದು ಸಂಜೆ ಬಾಗಿಲು ಮುಚ್ಚಿದಾಗ ಮೇಲೆ 4.2, ಕೆಳಗೆ 4.6 ಇತ್ತು. ರಾತ್ರಿ ಕಳೆದರೆ ಏನಾಗುವುದೋ ಎಂದು ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಮಗಳು ಅಳೆದಳು: 4.2, 4.6. ಕೆಳಗೆ ಕಟ್ಟಿದ ದಾರ ಒಂದು ಮಿಲಿಮೀಟರ್ ತೋರಿಸಿತು, ಬಲಬದಿಯಷ್ಟೇ.

ಇನ್ನು ಸಿಲ್‌ನ ಒಳಕ್ಕೆ ಮೇಣ ಹಾಯಿಸಬೇಕು. ಅದಕ್ಕೂ ಮೊದಲು ಮುಂದಿನ ಮಡ್‌ಗಾರ್ಡನ್ನು ತಾತ್ಕಾಲಿಕವಾಗಿ ಬೋಲ್ಟ್ ಮಾಡಿ ಬಾಗಿಲಿನ ಮುಂದಿನ ಸಂದನ್ನು ನೋಡಬೇಕು. ಅಪ್ಪನ ವಿಮಾನಕ್ಕೆ ಇನ್ನು ಏಳು ವಾರಗಳಿವೆ. ಅಷ್ಟರೊಳಗೆ ಕಾರು ಪ್ರೈಮರ್ ಕಾಣಬೇಕೆಂಬುದು ನಮ್ಮ ಗುರಿ. ಎರಡನೆಯ ಸಲ ತಪ್ಪಾಗಿ ಬಂದ ಬಲಬದಿಯ ಕ್ಯಾಸಲ್ ರೈಲ್ ಇನ್ನೂ ನಮ್ಮಲ್ಲೇ ಇದೆ, ಅದನ್ನು ಒಯ್ಯಲು ಯಾರೂ ಬಂದಿಲ್ಲ.